ಮೂರು ಸಲ ಸೋತ್ರೆ ಮನೆಗೆ ಹೋಗು ಅನ್ನೋ ಟೂರ್ನಮೆಂಟು ನಂಗೆ ಬೇಡ

ಮೊನ್ನೆ ಭಾನುವಾರ ಹಾಸನದಿಂದ ಅಣ್ಣ ವಿಡಿಯೋ ಕಾಲ್ ಮಾಡಿದ್ದ, ಹಿಂದೆ ಟಣ್ ಟಣ್ ಗಲಾಟೆ ಕೇಳಿಸ್ಕೊಂಡು ಎಲ್ಲಿದೀಯೇ ಅಂದ, ಪಿನ್‌ಬಾಲ್ ಟೂರ್ನಮೆಂಟಲ್ಲಿದೀನಿ ಅಂದೆ. ಗಾಜು ಮುಚ್ಚಿದ ಇಳಿಜಾರು ಮೇಜಲ್ಲಿ ಉಕ್ಕಿನ ಗುಂಡು ಓಡಿಸೋ ಮಷೀನಿನ ಆಟ ಅದು. "ಅದ್ರಲ್ಲಿ ಟೂರ್ನಮೆಂಟ್ ಬೇರೆ ಮಾಡ್ತಾರಾ, ಗುಂಡು ಎಲ್ಲಿಗ್ ಹೋಗುತ್ತೋ ಅಲ್ಲಿಗ್ ಹೋಗುತ್ತೆ, ಅದೃಷ್ಟದ ಆಟ ಅಲ್ವೇನೇ ಅದು" ಅಂದ್ಬಿಟ್ಟ. ಆಗ ನನ್ನ ಸರದಿ ಬಂತು, ಮಾತು ಅಲ್ಲಿಗೇ ನಿಂತೋಯ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಅವನ ತಲೇಲಿರೋದು ಚಿಕ್ಕೋರಿದ್ದಾಗ ನಮ್ಮನೇಲಿದ್ದ ಬ್ಯಾಗಟೆಲ್ ಬೋರ್ಡು. ಹಲಗೆ ತುಂಬ ಸಣ್ಣ ಮೊಳೆ, ಕಬ್ಬಿಣದ ಗುಂಡು, ಸ್ಪ್ರಿಂಗ್ ಎಳೆದು ಬಿಟ್ರೆ ಗುಂಡು ಮೊಳೆಗೆ ತಾಗ್ತಾ ತಾಗ್ತಾ ಯಾವುದೋ ಒಂದು ಗುಂಡಿಗೆ ಬೀಳೋದು, ಬಿಟ್ಟ ಮೇಲೆ ನಮ್ ಕೈಲಿ ಏನೂ ಇರ್ತಿರ್ಲಿಲ್ಲ. ಪಿನ್‌ಬಾಲ್ ಹುಟ್ಟಿದ್ದೂ ಅದ್ರಿಂದಾನೇ, ನಿಜ. ಆದ್ರೆ 1947ರಲ್ಲಿ ಗಾಟ್ಲೀಬ್ ಕಂಪನಿಯವರು ಹಂಪ್ಟಿ ಡಂಪ್ಟಿ ಅನ್ನೋ ಮಷೀನಿಗೆ ಫ್ಲಿಪ್ಪರ್, ಅಂದ್ರೆ ಬಟನ್ ಒತ್ತಿದ್ರೆ ಎದ್ದು ಗುಂಡಿಗೆ ಹೊಡೆಯೋ ಪುಟ್ಟ ರೆಕ್ಕೆ, ಹಾಕಿದ್ರಲ್ಲ, ಅವತ್ತಿಂದ ಬೀಳೋ ಗುಂಡನ್ನ ವಾಪಸ್ ಹೊಡೆದು ನಮಗೆ ಬೇಕಾದ ಕಡೆ ಕಳಿಸೋ ಆಟ ಆಯ್ತು ಅದು. ಅಣ್ಣ ಹೇಳಿದ್ ಮಾತನ್ನೇ ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾನೂ ಹೇಳಿದ್ದ, ಜೂಜು ಇದು ಅಂತ 1942ರಲ್ಲಿ ಬ್ಯಾನ್ ಮಾಡಿ ಮಷೀನುಗಳನ್ನ ಸುತ್ತಿಗೇಲಿ ಒಡೆಸ್ದ. ಆ ಬ್ಯಾನು ಹೋಗಿದ್ದು 1976ರಲ್ಲಿ. ಪಿನ್‌ಬಾಲ್ ಬಗ್ಗೆ ಬರೀತಿದ್ದ ರೋಜರ್ ಶಾರ್ಪ್ ಅನ್ನೋ ಯುವಕನನ್ನ ಸಿಟಿ ಕೌನ್ಸಿಲ್ ಮುಂದೆ ನಿಲ್ಸಿ ಆಡ್ಸಿದ್ರು. ಒಂದು ಮಷೀನಲ್ಲಿ ಏನೋ ಮೋಸ ಮಾಡಿಟ್ಟಿರ್ಬೋದು ಅಂತ ಅನುಮಾನ ಬಂದು ಪಕ್ಕದ ಮಷೀನಲ್ಲಿ ಆಡು ಅಂದ್ರು. ಆತ ಈಗ ಗುಂಡು ಬಿಡ್ತೀನಿ, ಮೇಲೆ ಮಧ್ಯದ ಲೇನಲ್ಲೇ ಇಳಿಯುತ್ತೆ ನೋಡಿ ಅಂತ ಮೊದ್ಲೇ ಹೇಳಿ ಪ್ಲಂಜರ್, ಅಂದ್ರೆ ಗುಂಡು ಬಿಡೋ ಸ್ಪ್ರಿಂಗ್ ಕೋಲು, ಎಳೆದು ಬಿಟ್ಟ, ಅಲ್ಲೇ ಇಳೀತು. ಅಷ್ಟರಿಂದ ಒಂದು ಊರಿನ ಕಾನೂನು ಬದಲಾಯ್ತು ಅನ್ನೋದು ನಂಗೆ ಈಗ್ಲೂ ಮೈ ಜುಮ್ ಅನ್ಸುತ್ತೆ.

ಕೈಚಳಕ ಎಲ್ಲಿದೆ ಅಂತ ಕೇಳೋರಿಗೆ ಹೇಳ್ತೀನಿ. ಕೇರಂ ಆಡಿದೋರಿಗೆ ಬೇಗ ಅರ್ಥ ಆಗುತ್ತೆ, ಸ್ಟ್ರೈಕರ್ ಹೊಡೆಯೋ ಬೆರಳಿಗಿಂತ ಹೊಡೆಯದೆ ಕಾಯೋ ಬೆರಳಿಗೆ ಬೆಲೆ ಜಾಸ್ತಿ ಅಲ್ವಾ, ಇಲ್ಲೂ ಹಂಗೇ. ಗುಂಡು ಸುಮಾರು 80 ಗ್ರಾಂ ಉಕ್ಕು, ಮೇಜು ನಮ್ ಕಡೆ ಆರೂವರೆ ಡಿಗ್ರಿ ಇಳಿಜಾರು, ಹೊಸಬರು ಗುಂಡು ಕಂಡ ತಕ್ಷಣ ಎರಡೂ ಫ್ಲಿಪ್ಪರ್ ಪಟಪಟ ಬಡೀತಾರೆ, ಪಳಗಿದೋರು ಕಾಯ್ತಾರೆ. ಆಮೇಲೆ ಮಷೀನನ್ನ ಸೊಂಟದಿಂದ ಮೆಲ್ಲಗೆ ದೂಡೋದೂ ಆಟದ ಭಾಗಾನೇ, ಅದು ಮೋಸ ಅಲ್ಲ. ಒಳಗಡೆ ಒಂದು ಕಂಬಿಗೆ ತೂಕ ನೇತಾಕಿರ್ತಾರೆ, ಸುತ್ತ ಒಂದು ಬಳೆ, ಜೋರಾಗಿ ದೂಡಿದ್ರೆ ಕಂಬಿ ಹೋಗಿ ಬಳೆಗೆ ತಾಗಿ ಟಿಲ್ಟ್, ಆ ಗುಂಡೂ ಹೋಯ್ತು, ಸೇರಿಸಿಟ್ಟ ಬೋನಸ್ಸೂ ಹೋಯ್ತು. ಆ ಬಳೆ ಎಷ್ಟು ಹತ್ರ ಇದೆ ಅಂತ ಪ್ರತಿ ಮಷೀನಲ್ಲೂ ಹೊಸದಾಗಿ ಕಂಡ್ಕೋಬೇಕು, ಮೊದಲ ಗುಂಡಲ್ಲೇ.

ನಾನು ಇದಕ್ಕೆ ಬಿದ್ದಿದ್ದು 2018ರ ಪಿನ್‌ಬರ್ಗ್ ಅನ್ನೋ ದೊಡ್ಡ ಟೂರ್ನಮೆಂಟಲ್ಲಿ. ನಾವಿರೋದು ಪಿಟ್ಸ್‌ಬರ್ಗ್ ಹತ್ರ, ಇಲ್ಲಿನ ಕನ್ನಡದೋರಿಗೆಲ್ಲ ಈ ಊರು ಅಂದ್ರೆ ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನ, ಆದ್ರೆ ಪಿನ್‌ಬಾಲ್ ಆಡೋರಿಗೆ ಇದೇ ತಿರುಪತಿ ಆಗಿತ್ತು. ಡೌನ್‌ಟೌನಿನ ಕನ್ವೆನ್ಷನ್ ಸೆಂಟರಲ್ಲಿ ಸಾಲು ಸಾಲು ಮಷೀನು, ಟಿಕೆಟ್ ಬಿಟ್ಟ ಕೆಲವೇ ನಿಮಿಷಕ್ಕೆ ಖಾಲಿ. ಅದರ ಪದ್ಧತಿ ಕೇಳಿ, ನನ್ನ ವಾದ ಎಲ್ಲ ಅದರ ಮೇಲೇ ನಿಂತಿರೋದು. ನಾಲ್ಕು ಜನರ ಗುಂಪು, ಒಂದು ಸುತ್ತಿಗೆ ನಾಲ್ಕು ಆಟ, ಸ್ಕೋರ್ ತೋರ್ಸೋಕೆ ರೀಲ್ ತಿರುಗೋ ಹಳೇ ಮಷೀನಿಂದ ಈಗಿನ ಸ್ಕ್ರೀನ್ ಇರೋದ್ರ ತನಕ ಬೇರೆ ಬೇರೆ ಕಾಲದ್ದು. ಗೆದ್ದೋರಿಗೆ 3, ಆಮೇಲೆ 2, 1, ಸೊನ್ನೆ. ದಿನಕ್ಕೆ ಐದು ಸುತ್ತು, ಎರಡು ದಿನ, ಒಟ್ಟು 40 ಆಟ. ಮೊದಲ ದಿನದ ಪಾಯಿಂಟ್ ನೋಡಿ ಡಿವಿಷನ್ ಮಾಡಿ ನಿಮ್ಮಷ್ಟೇ ಆಡೋರ ಜೊತೆ ಹಾಕ್ತಾರೆ. ಅಂದ್ರೆ ಎಲ್ಲದ್ರಲ್ಲೂ ಸೊನ್ನೆ ತಗೊಂಡೋರಿಗೂ ಲೋಕದ ಚಾಂಪಿಯನ್ನಿಗೂ ಆ ಎರಡು ದಿನ ಅದೇ 40 ಆಟ. ಯಾರನ್ನೂ ಮನೆಗೆ ಕಳ್ಸಲ್ಲ.

ಮೊದಲ ದಿನ ಎರಡನೇ ಸುತ್ತಲ್ಲಿ ನನ್ನ ಗುಂಪಲ್ಲಿ ಎಪ್ಪತ್ತು ದಾಟಿದ ಒಬ್ರು ಇದ್ರು, ಬೆರಳೆಲ್ಲ ಗಂಟು ಗಂಟು. ಮೊದಲ ಆಟದಲ್ಲಿ ನಾನು ಸೊನ್ನೆ. ಎರಡನೇ ಮಷೀನಿಗೆ ನಡೆದು ಹೋಗ್ತಾ ಅವ್ರು ತಮ್ಮ ಎಡಗೈಯನ್ನ ಓರೆಯಾಗಿ ಚಾಚಿ, ಬಲಗೈ ಮುಷ್ಟೀನ ಅದ್ರ ಮೇಲೆ ಬೀಳ್ಸಿ, ಮುಷ್ಟಿ ತಾನೇ ಪುಟಿದು ಆ ಕಡೆ ಹೋಗೋ ಹಾಗೆ ತೋರ್ಸಿದ್ರು. ಗುಂಡು ಈ ಥರ ಬಂದಾಗ ಏನೂ ಮಾಡ್ಬೇಡಮ್ಮ, ಈ ಫ್ಲಿಪ್ಪರ್ ಮುಟ್ಲೇಬೇಡ, ರಬ್ಬರಿಗೆ ತಾಗಿ ತಾನೇ ಆಚೆ ಫ್ಲಿಪ್ಪರಿಗೆ ಹೋಗುತ್ತೆ, ಅಲ್ಲಿ ಹಿಡ್ಕೋ ಅಂತ. ಗುಂಡು ಬಂತು, ಬೆರಳು ತುರಿಸ್ತಿತ್ತು, ತಡ್ಕೊಂಡೆ, ಟೊಕ್ ಅಂತ ಪುಟೀತು, ಆ ಕಡೆ ಎತ್ತಿ ಹಿಡಿದ ಫ್ಲಿಪ್ಪರಿನ ಬುಡದಲ್ಲಿ ಬಂದು ಸುಮ್ನೆ ನಿಂತ್ಕೊಂತು. ಅಷ್ಟು ದೊಡ್ಡ ಹಾಲಿನ ಗದ್ದಲದಲ್ಲಿ ಆ ಗುಂಡೊಂದು ನಿಂತಿದ್ದು ನಂಗೆ ಇವತ್ತೂ ಕಣ್ಣಿಗೆ ಕಟ್ಟಿದೆ. ಆ ಆಟದಲ್ಲಿ ನಂಗೆ ಎರಡು ಪಾಯಿಂಟ್, ಅವ್ರಿಗೆ ಒಂದು. ನಂಗೆ ಹೇಳ್ಕೊಡದೆ ಇದ್ದಿದ್ರೆ ಅವ್ರಿಗೇ ಎರಡು ಸಿಗ್ತಿತ್ತು, ಗೊತ್ತಿದ್ದೂ ಹೇಳ್ಕೊಟ್ರು, ಖುಷಿಯಿಂದ ನನ್ನ ಮುಷ್ಟಿಗೆ ಮುಷ್ಟಿ ತಾಗ್ಸಿದ್ರು.

ಮನೆಗೆ ಕಳ್ಸೋ ಟೂರ್ನಮೆಂಟಲ್ಲಿ ಹಿಂಗೆ ಹೇಳ್ಕೊಡೋ ಮನಸ್ಸು ಬರೋದು ಕಷ್ಟ ಅನ್ನೋದು ನನ್ನ ಅನುಭವ. ಈಗ ಬಾರುಗಳಲ್ಲಿ ಜಾಸ್ತಿ ನಡೆಯೋದು ಥ್ರೀ ಸ್ಟ್ರೈಕ್ಸ್, ಮೂರು ಸೋಲು ಆಯ್ತಾ, ಔಟ್. ಕಲೀಬೇಕಾದೋರು ಮುಕ್ಕಾಲು ಗಂಟೇಲಿ ಔಟ್ ಆಗಿ ಜಾಕೆಟ್ ಹಾಕ್ಕೊಂಡು ಹೋಗ್ತಾರೆ, ಕಲಿಯೋದು ಬೇಕಿಲ್ದೋರು ರಾತ್ರಿ ಹನ್ನೆರಡೂವರೆ ತನಕ ಆಡ್ತಾರೆ. ಇನ್ನೊಂದು ಇದೆ, ದುಡ್ಡು ಕೊಟ್ಟು ಎಷ್ಟು ಸಲ ಬೇಕಾದ್ರೂ ಎಂಟ್ರಿ ತಗೊಂಡು ಒಳ್ಳೇ ಸ್ಕೋರ್ ಬರೋ ತನಕ ಆಡೋದು, ಅದ್ರ ಬಗ್ಗೆ ನಾನು ಏನೂ ಹೇಳಲ್ಲ, ಜೇಬಿನ ಆಟ ಅದು.

ಯಾಕೆ ಹಿಂಗೆ ಅಂದ್ರೆ ರ್ಯಾಂಕಿಂಗ್ ಪಾಯಿಂಟು. ಐಎಫ್‌ಪಿಎ ಅಂತ ಒಂದು ಸಂಸ್ಥೆ ಲೋಕದ ಆಟಗಾರರಿಗೆಲ್ಲ ರ್ಯಾಂಕಿಂಗ್ ಕೊಡುತ್ತೆ, 2006ರಿಂದ. ಅದನ್ನ ನೋಡ್ಕೊಳ್ಳೋನು ಜಾಶ್ ಶಾರ್ಪ್, ಆ ರೋಜರ್ ಶಾರ್ಪ್ ಮಗನೇ. ಆ ರ್ಯಾಂಕಿಂಗ್ ಬಗ್ಗೆ ನಂಗೆ ಗೌರವ ಇದೆ, ಅದಿಲ್ದಿದ್ರೆ ಎಷ್ಟೋ ಊರಲ್ಲಿ ವಾರದ ಟೂರ್ನಮೆಂಟು ಇರ್ತಾನೇ ಇರ್ಲಿಲ್ಲ. ಆದ್ರೆ ಆಟ ಜಾಸ್ತಿ ಆದಷ್ಟೂ, ದೊಡ್ಡ ಆಟಗಾರರು ಬಂದಷ್ಟೂ ಟೂರ್ನಮೆಂಟಿನ ತೂಕ ಜಾಸ್ತಿ ಅಂತ ಲೆಕ್ಕ ಇರೋದ್ರಿಂದ ನಡೆಸೋರು ಅದನ್ನೇ ನೋಡೋಕ್ ಶುರು ಮಾಡ್ತಾರೆ, ಬೆಳಿಗ್ಗೆ ಮಕ್ಕಳನ್ನ ಸ್ಕೂಲಿಗೆ ಕಳಿಸ್ಬೇಕಾದೋರು ಉಳೀತಾರೋ ಇಲ್ವೋ ಯಾರೂ ಕೇಳಲ್ಲ. ನಾನು ಒಂದು ಕಡೆ ಎರಡು ತಿಂಗಳು ಹೋಗಿ ಬಿಟ್ಬಿಟ್ಟೆ. ಸೋಲಿಗೆ ಬೇಜಾರಿಲ್ಲ, ಒಂದು ಗಂಟೆ ಆಟಕ್ಕೆ ಮಗಳನ್ನ ಬಿಟ್ಟು ಬರೋದು ಬೇಜಾರು.

ಹೆಂಗಸರಿಗೆ ಬೇರೆ ಟೂರ್ನಮೆಂಟ್ ಯಾಕೆ, ಬಟನ್ ಒತ್ತೋಕೆ ಏನು ಗಂಡಸು ಹೆಂಗಸು ಅಂತ ನಾನೂ ಮೊದ್ಲು ವಾದ ಮಾಡ್ತಿದ್ದೆ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಲ್ಲಿ ಬೆಲ್ಸ್ ಅಂಡ್ ಚೈಮ್ಸ್ ಅಂತ ಹೆಂಗಸರದ್ದೇ ಲೀಗ್ ಶುರುವಾಗಿ ಬೇರೆ ಊರಿಗೆಲ್ಲ ಹಬ್ಬಿದ್ದು ಯಾಕೆ ಅಂತ, ಒಂದು ರಾತ್ರಿ ಇಲ್ಲಿ ಅಂಥದ್ದೊಂದಕ್ಕೆ ಹೋದ್ಮೇಲೆ ಗೊತ್ತಾಯ್ತು. ಹಿಂದೆ ನಿಂತು ಹಂಗ್ ಹೊಡಿ ಹಿಂಗ್ ಹೊಡಿ ಅನ್ನೋರು ಒಬ್ರೂ ಇರ್ಲಿಲ್ಲ. ಹಂಗೇ ವ್ಯಾಂಕೂವರ್ ಕಡೆಯ ರಾಬರ್ಟ್ ಗ್ಯಾನ್ಯೋ, ಆಟಿಸಂ ಇರೋನು, 2016ರಲ್ಲಿ ಪಾಪಾ (PAPA) ಅನ್ನೋ ಪಿನ್‌ಬಾಲ್ ಸಂಸ್ಥೆಯ ವಿಶ್ವ ಚಾಂಪಿಯನ್‌ಶಿಪ್ ಗೆದ್ದ. ಇಂಥೋರು ಮೊದಲ ವರ್ಷ ಸೋತಾಗ ಇನ್ನೊಂದ್ ಆಟ ಆಡು ಬಾ ಅನ್ನೋ ಜಾಗ ಬೇಕು.

ಪಿನ್‌ಬರ್ಗು 2020ರಲ್ಲಿ ಕೋವಿಡ್‌ಗೆ ನಿಂತೋಯ್ತು, ನಡೆಸ್ತಿದ್ದ ಸಂಸ್ಥೇನೂ ಬಾಗಿಲು ಹಾಕ್ತು, ಆ ಸಾಲು ಸಾಲು ಮಷೀನು ಎಲ್ಲೆಲ್ಲೋ ಹೋದ್ವು. ಅದ್ರಲ್ಲಿ ಸೋತು ಕಲಿತೋರು ಮಾತ್ರ ಇಲ್ಲೇ ಇದೀವಿ. ಹಂಗಾಗಿ ನಾವು ಒಂಬತ್ತು ಜನ ಸೇರಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಒಬ್ರ ಬೇಸ್‌ಮೆಂಟಲ್ಲಿ ಶುರು ಮಾಡಿದೀವಿ, ಆರು ಮಷೀನು, ಆರು ಸುತ್ತು, ಯಾರೂ ಔಟ್ ಇಲ್ಲ, ಆರು ಗಂಟೆಗೆ ಮುಗೀಬೇಕು. ರ್ಯಾಂಕಿಂಗಲ್ಲಿ ತುಂಬ ಮೇಲಿರೋ ಒಬ್ರು ಇಷ್ಟು ಕಮ್ಮಿ ಪಾಯಿಂಟಿಗೆ ಯಾಕ್ ಬರ್ಲಿ ಅಂದಿದ್ರು. ಅಣ್ಣ ಫೋನ್ ಮಾಡಿದ ದಿನ ಅವ್ರು ಬಂದಿದ್ರು, ಗುಂಡು ಸಿಕ್ಕಾಕ್ಕೊಂಡಿದ್ದ ಮಷೀನಿನ ಗ್ಲಾಸ್ ಎಳೆದು, ಟಾರ್ಚ್ ಹಿಡಿ ಅಂತ ನನ್ನ ಮಗಳ ಕೈಗೆ ಕೊಟ್ಟು, ಒಳಗೆ ಸ್ಪ್ರಿಂಗ್ ಎಲ್ಲಿದೆ ಕಾಯಿಲ್ ಎಲ್ಲಿದೆ ಅಂತ ತೋರಿಸ್ತಾ ಅರ್ಧ ಗಂಟೆ ಅಲ್ಲೇ ಕೂತಿದ್ರು.