ಅರ್ಹರಿಗೆಲ್ಲ ನೂರಕ್ಕೆ ನೂರು

ಇಂಜಿನಿಯರಿಂಗ್ ಕಾಲೇಜಲ್ಲಿ ಆಟೋಮೇಟಾ ಥಿಯರಿ (ಲೆಕ್ಕ ಮಾಡುವ ಯಂತ್ರಗಳ ಕೈಲಿ ಏನಾಗುತ್ತೆ, ಏನಾಗಲ್ಲ ಅನ್ನೋ ಪಾಠ) ಶುರುವಾದ ದಿನವೇ ಒಬ್ಬ ಎದ್ದು ಕೇಳುತ್ತಾನೆ, "ಸರ್, ಇದು ಇಂಟರ್‌ವ್ಯೂನಲ್ಲಿ ಬರುತ್ತಾ?" "ಬರಲ್ಲ ಕಣ್ರೋ, ಆದ್ರೆ ಸ್ಕೋರಿಂಗ್ ಸಬ್ಜೆಕ್ಟು." ಅಲ್ಲಿಗೆ ಪಾಠ ಮುಗಿಯಿತು.

1936ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್‌ಗೆ 24 ವರ್ಷ. ಇವತ್ತಿನಂಥ ಕಂಪ್ಯೂಟರ್ ಇನ್ನೂ ಹುಟ್ಟೇ ಇರಲಿಲ್ಲ, ಅಷ್ಟರಲ್ಲೇ ಅದರ ಕೈಲಿ ಏನಾಗಲ್ಲ ಅನ್ನೋದನ್ನು ಸಾಧಿಸಿ ತೋರಿಸಿಬಿಟ್ಟ. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ನಿಲ್ಲುತ್ತೋ ಸುತ್ತುತ್ತಲೇ ಇರುತ್ತೋ ಅಂತ ಹೇಳುವ ಪ್ರೋಗ್ರಾಂ ಬರೆಯೋಕಾಗಲ್ಲ ಅನ್ನೋ ಹಾಲ್ಟಿಂಗ್ ಪ್ರಾಬ್ಲಂ ಆ ತರ್ಕದ್ದೇ ಕೂಸು. ನಮ್ಮಲ್ಲಿ ಅದು ಕೊನೇ ಮಾಡ್ಯೂಲಿನ ಹತ್ತು ಮಾರ್ಕು. ಈ ಸಲ ಬರುತ್ತೋ ಇಲ್ವೋ ಅನ್ನೋದನ್ನು ಜೆರಾಕ್ಸ್ ಅಂಗಡಿ ಅಣ್ಣ ಆಗಲೇ ತೀರ್ಮಾನಿಸಿ, ಪಾಸಿಂಗ್ ಪ್ಯಾಕೇಜ್‌ಗೆ ಪಿನ್ ಹೊಡೆದಿರುತ್ತಾನೆ.

ಪರೀಕ್ಷೆಯಲ್ಲಿ, 'ಎಬಿಬಿ' ಅಂತ ಮುಗಿಯುವ ಸ್ಟ್ರಿಂಗುಗಳಿಗೆ (ಎ, ಬಿ ಅಕ್ಷರಗಳ ಸಾಲುಗಳಿಗೆ) ಡಿಎಫ್‌ಎ ಬರೆಯಿರಿ ಅಂತ ಕೇಳುತ್ತಾರೆ ಅಂದುಕೊಳ್ಳಿ. ಅಂದರೆ ಒಂದೊಂದೇ ಅಕ್ಷರ ಓದುತ್ತಾ ಒಂದು ಸ್ಟೇಟಿನಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆ ಹೌದು ಇಲ್ಲ ಹೇಳುವ ಪುಟ್ಟ ಯಂತ್ರದ ಚಿತ್ರ, ಒಂದೊಂದು ಸ್ಟೇಟಿಗೂ ಒಂದೊಂದು ಸೊನ್ನೆ. ನಾಲ್ಕು ಸ್ಟೇಟ್ ಸಾಕು. ಒಬ್ಬ ಹುಡುಗಿ ಸ್ವಂತ ತಲೆ ಓಡಿಸಿ (ಅದೇ ತಪ್ಪು ನೋಡಿ) ಐದು ಬರೆಯುತ್ತಾಳೆ. ಒಂದು ಜಾಸ್ತಿ, ಆದರೆ ಉತ್ತರ ಸರಿ. ಎರಡು ಡಿಎಫ್‌ಎಗಳು ಒಂದೇ ಕೆಲಸ ಮಾಡುತ್ತವೋ ಇಲ್ವೋ ಅಂತ ನೋಡೋಕೆ ಖಚಿತ ವಿಧಾನ ಇದೆ, ಪೆನ್ನು ಹಿಡಿದು ಟೇಬಲ್ ತುಂಬಿಸಿದರೆ ಆಯ್ತು. ಹಾಲ್ಟಿಂಗ್ ಥರ ಕೈಚೆಲ್ಲಿ ಕೂರುವ ಪ್ರಶ್ನೆಯಲ್ಲ. ಆದರೆ ಪೇಪರ್ ತಿದ್ದುವವರ ಮುಂದೆ ಬಂಡಲ್ ಮೇಲೆ ಬಂಡಲ್. ಸ್ಕೀಮಿನಲ್ಲಿ (ತಿದ್ದುವವರಿಗೆ ಕೊಡುವ ಮಾದರಿ ಉತ್ತರದಲ್ಲಿ) ನಾಲ್ಕು ಸೊನ್ನೆ ಸುತ್ತಿದೆ, ಇವಳು ಐದು ಸುತ್ತಿದ್ದಾಳೆ. ಸರಿ, ಮಾರ್ಕಿನ ಜಾಗದಲ್ಲಿ ಆರನೆಯದನ್ನು ಅವರೇ ಸುತ್ತುತ್ತಾರೆ. ಹಿಂದಿನ ಬೆಂಚಿನವನು ಪಂಪಿಂಗ್ ಲೆಮ್ಮಾದಲ್ಲಿ (ಡಿಎಫ್‌ಎ ಕೈಲಿ ಏನಾಗಲ್ಲ ಅಂತ ಸಾಧಿಸೋಕೆ ಬಳಸುವ ಪ್ರಮೇಯ) ಕೇಳಿದ್ದೊಂದು, ಬಾಯಿಪಾಠ ಮಾಡಿದ ಇನ್ನೊಂದನ್ನು ಎರಡು ಪುಟ ಬರೆದಿರುತ್ತಾನೆ. ಪಾಪ, ಅಟೆಂಡ್ ಮಾಡಿದ್ದಾನಲ್ವಾ, ಆರು ಕೊಡಿ.

ಇನ್ನು ಲಾಜಿಕ್ ಓದಿ ಏನುಪಯೋಗ ಅನ್ನುವವರು ಅಡ್ಮಿಷನ್ ಟೈಮಲ್ಲಿ ಸರ್ಕಲ್‌ಗಳಲ್ಲಿ ತೂಗಾಡುವ ಫ್ಲೆಕ್ಸ್ ನೋಡಬೇಕು. "ಅರ್ಹ ವಿದ್ಯಾರ್ಥಿಗಳಿಗೆ 100% ಪ್ಲೇಸ್‌ಮೆಂಟ್." ಇದನ್ನು ಬರೆಸಿದವರಿಗೆ ಈ ಲಾಜಿಕ್ ಕಲಿಸುವ ಡಿಸ್ಕ್ರೀಟ್ ಮ್ಯಾಥ್ಸ್ ಅರೆದು ಕುಡಿದಷ್ಟು ಗೊತ್ತು. 'ಅರ್ಹನಾದರೆ ಕೆಲಸ' ಅನ್ನೋ ಮಾತಲ್ಲಿ ಮೊದಲ ಭಾಗ ಸುಳ್ಳಾದರೆ ಇಡೀ ಮಾತು ನಿಜ, ಟ್ರೂತ್ ಟೇಬಲ್ ತೆಗೆದು ನೋಡಿ. ಅಂದರೆ ಇಡೀ ಬ್ಯಾಚಲ್ಲಿ ಒಬ್ಬನೂ ಅರ್ಹನಲ್ಲದಿದ್ದರೂ ಫ್ಲೆಕ್ಸ್ ಸುಳ್ಳಾಗಲ್ಲ. ಬ್ಯಾಕ್‌ಲಾಗ್ (ಫೇಲಾಗಿ ಉಳಿದ ಸಬ್ಜೆಕ್ಟು) ಇದ್ದವರು ಹೇಗೂ ಅರ್ಹರಲ್ಲ. ಐದು ಸ್ಟೇಟ್ ಬರೆದವಳು ಆ ಮಾರ್ಕಿಗೇ ಫೇಲಾದರೆ ಅವಳೂ ಪಟ್ಟಿಯಿಂದ ಹೊರಗೆ, ಕಾಲೇಜಿನ ನೂರಕ್ಕೆ ನೂರಕ್ಕೆ ಒಂಚೂರೂ ಧಕ್ಕೆಯಿಲ್ಲ.