ತಾರಸಿಯಿಂದ ಹಡಗಿಗೆ ಹಲೋ

ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದು ಮನೆಯ ರೇಡಿಯೋದಿಂದಲೇ ಜಗತ್ತಿನ ಜತೆ ಮಾತಾಡುವ ಹವ್ಯಾಸ. ಅದರ ಹುಚ್ಚು ಹತ್ತಿದ ‘ಹ್ಯಾಮ್’ಗಳಿಗೆ ಜೂನ್ ಮೊದಲ ವಾರ ಒಂದು ಹಬ್ಬ ಬರುತ್ತದೆ. ಮ್ಯೂಸಿಯಂ ಆಗಿ ನಿಂತಿರುವ ಹಳೇ ಹಡಗುಗಳಲ್ಲಿ ಆಯಾ ಊರಿನ ಹ್ಯಾಮ್‌ಗಳು ಸೇರಿಕೊಂಡು ಶನಿವಾರ, ಭಾನುವಾರ ಜಗತ್ತನ್ನೆಲ್ಲ ಕೂಗಿ ಕರೆಯುತ್ತಾರೆ. ಇದನ್ನು ನಡೆಸುವುದು ಅಮೆರಿಕದ ‘ನ್ಯೂಜೆರ್ಸಿ’ ಯುದ್ಧನೌಕೆಯ ಹ್ಯಾಮ್‌ಗಳು. 15 ಹಡಗು ಮಾತಿಗೆ ಸಿಕ್ಕರೆ ಸರ್ಟಿಫಿಕೇಟ್.

ಮೈಸೂರಿನಲ್ಲಿ ಕೂತವನಿಗೆ ಹಡಗಿನ ಉಸಾಬರಿ ಯಾಕೆ ಅಂತೀರಾ? ನಮ್ಮಲ್ಲಿ ತೇಲುವುದು ಅಂದರೆ ಕಾರಂಜಿ ಕೆರೆಯ ಪೆಡಲ್ ದೋಣಿ. ಹೆಂಡತಿಯದೂ ಇದೇ ಪ್ರಶ್ನೆ. “ಮಾತಾಡಲೇಬೇಕು ಅಂದ್ರೆ ಫೋನ್ ಮಾಡಿ ರೀ.” ನಾನು ಎದೆಯುಬ್ಬಿಸಿ, “1935ರಲ್ಲಿ ಇದೇ ಊರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದ್ರು, ಗೊತ್ತಾ?” ಅಂದೆ. “ಅವರ ಮನೆಯವರು ಏನಂದ್ರು ಅಂತ ಯಾರಾದ್ರೂ ಬರೆದಿಟ್ಟಿದ್ದಾರಾ?” ಅಂತ ಒಳಗೆ ಹೋದಳು.

ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗಿನ 5.30ಕ್ಕೆ ಶುರು. ಹೆಡ್‌ಫೋನ್ ಏರಿಸಿ 14 ಮೆಗಾಹರ್ಟ್ಸ್‌ನಲ್ಲಿ ಹುಡುಕುತ್ತಿದ್ದೆ. ದೂರದಲ್ಲಿ ಯಾರೋ ಗೊಣಗಿದಂತೆ ಕೇಳಿಸಿತು. ಟ್ಯೂನ್ ಮಾಡುವಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ಕೂಗಿತು. ಮಿಕ್ಸಿ ಮೋಟಾರಿನ ಬ್ರಷ್‌ಗಳು ತಿರುಗುವಾಗ ಸಣ್ಣ ಕಿಡಿ ಹಾರಿಸುತ್ತಲೇ ಇರುತ್ತವೆ. ಪ್ರತಿ ಕಿಡಿಯೂ ಒಂದು ಪುಟ್ಟ ಟ್ರಾನ್ಸ್‌ಮಿಟರ್. ಮೀಟರಿನ ಮುಳ್ಳು ಧಡಕ್ಕನೆ ಆ ತುದಿಗೆ ಹೋಗಿ ಅಲ್ಲೇ ಕೂತಿತು. ಚಟ್ನಿ ನುಣ್ಣಗಾಯಿತು, ಹಡಗು ಮುಳುಗಿತು.

ಮಧ್ಯಾಹ್ನ ಇನ್ನೊಂದು ಫಜೀತಿ. ಮೀಟರಿನಲ್ಲಿ ಎಸ್‌ಡಬ್ಲ್ಯೂಆರ್ ಅನ್ನೋ ಅಂಕಿ ಸುಮ್ನೆ ಏರುತ್ತಿದೆ. ಎಸ್‌ಡಬ್ಲ್ಯೂಆರ್ ಏರಿತು ಅಂದರೆ ನಾನು ಕಳಿಸಿದ ಪವರ್ ಆಂಟೆನಾ ಬೇಡ ಅಂತ ವಾಪಸ್ ಕಳಿಸುತ್ತಿದೆ ಅಂತ ಅರ್ಥ. ತಾರಸಿಗೆ ಓಡಿದೆ. ಆ ಕಡೆ ಐದು ಮೀಟರ್, ಈ ಕಡೆ ಐದು ಮೀಟರ್ ಅಂತ ಅಳೆದು ಕಟ್ಟಿದ್ದ ನನ್ನ ಡೈಪೋಲ್ ಅನ್ನೋ ತಂತಿ ಆಂಟೆನಾ ಮೇಲೆ ಎರಡು ಒದ್ದೆ ಬೆಡ್‌ಶೀಟ್, ಒಂದು ಲುಂಗಿ. ತಂತಿ ಜೋತುಬಿದ್ದು ತುಳಸಿಕಟ್ಟೆ ಮುಟ್ಟುವುದೊಂದು ಬಾಕಿ. “ಮೋಡ ಆಗಿತ್ತು, ಬೇರೆ ಹಗ್ಗದಲ್ಲಿ ಜಾಗ ಇರ್ಲಿಲ್ಲ” ಅಂತ ಕೆಳಗಿನಿಂದ ವಿವರಣೆ ಬಂತು. ಲುಂಗಿ ನನ್ನದೇ. ಯಾರನ್ನು ಬೈಯುವುದು?

ಸಂಜೆಗೆ ಯುರೋಪಿನ ಸಿಗ್ನಲ್‌ಗಳು ಕೇಳಿಸತೊಡಗಿದವು. ಲಂಡನ್ನಿನ ಥೇಮ್ಸ್ ನದಿಯಲ್ಲಿ ಲಂಗರು ಹಾಕಿರುವ ಎಚ್‌ಎಂಎಸ್ ಬೆಲ್‌ಫಾಸ್ಟ್, ಸ್ಪಷ್ಟವಾಗಿ! 1943ರಲ್ಲಿ ಜರ್ಮನಿಯ ‘ಷಾರ್ನ್‌ಹಾರ್ಸ್ಟ್’ ಹಡಗನ್ನು ಮುಳುಗಿಸಿದ ಕದನದಲ್ಲಿ ಇದ್ದ ಹಡಗು. ಗಂಟಲು ಸರಿಮಾಡಿಕೊಂಡು, “ವಿಕ್ಟರ್ ಯೂನಿಫಾರ್ಮ್...” ಅಂತ ನನ್ನ ಕರೆಸಂಕೇತ ಕೂಗತೊಡಗಿದೆ. ಯುರೋಪಿನವರೆಲ್ಲ ಒಟ್ಟಿಗೆ ಕೂಗುತ್ತಿದ್ದರು. ನಾನೂ ಬಿಡಲಿಲ್ಲ.

ಕಡೆಗೂ ಅವರು ನನ್ನನ್ನು ಹಿಡಿದರು. “ಫೈವ್ ನೈನ್” ಅಂದರು. ನಾನೂ “ಫೈವ್ ನೈನ್” ಅಂದೆ. ಮುಗಿಯಿತು. ನಿಮ್ಮ ಸಿಗ್ನಲ್ ಚೆನ್ನಾಗಿದೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಕ್ಕೇ ಈ ಎಲ್ಲ ಸಂಭ್ರಮ. “ಅಷ್ಟೇನಾ?” ಅಂದಳು ಇವಳು. “ಊಟ ಆಯ್ತಾ ಅಂತಾನೂ ಕೇಳಲಿಲ್ವಾ?”

ಅಷ್ಟರಲ್ಲಿ ಬೆಲ್. ಪಕ್ಕದ ಮನೆ ಅಜ್ಜಿ. ಶನಿವಾರ ಸಂಜೆ ಅವರಲ್ಲಿ ಭಜನೆ, ಮೈಕು, ಸ್ಪೀಕರ್ ಸಮೇತ. ಅವರು “ಗೋವಿಂದಾ” ಅಂದಾಗಲೆಲ್ಲ ಸ್ಪೀಕರಿನಿಂದ ಯಾರೋ ಗಂಟಲು ಒತ್ತಿ ಹಿಡಿದವರ ಹಾಗೆ “ಕ್ವಾಕ್ ಕ್ವಾಕ್” ಅನ್ನುತ್ತಿದ್ದರಂತೆ. ಸ್ಪೀಕರಿನ ಉದ್ದನೆಯ ವೈರು ನನ್ನ ತರಂಗ ಹಿಡಿದುಕೊಂಡಿತ್ತು, ಬೇರೇನಿಲ್ಲ. ಇಂಥ ತರಂಗ ತಡೆಯುವ ಫೆರೈಟ್ ರಿಂಗ್ ತಂದು ಆ ವೈರಿಗೆ ನಾಲ್ಕು ಸುತ್ತು ಹಾಕಿಕೊಡ್ತೀನಿ ಅಂತ ಸಮಾಧಾನ ಮಾಡಿದೆ. ಲಂಡನ್ ಹಡಗಿನ ಕಥೆಯನ್ನೂ ಹೇಳಿದೆ.

ಅಜ್ಜಿಯ ಮುಖ ಅರಳಿತು. “ಹಾಗಾದ್ರೆ ನಮ್ ಭಜನೆ ಅವ್ರಿಗೂ ಕೇಳಿಸಿರತ್ತೆ ಅಲ್ವಾ ಮಗಾ?”

ನನ್ನ ತರಂಗ ಅವರ ಸ್ಪೀಕರಿಗೆ ಹೋಗಬಹುದು, ಅವರ ಭಜನೆ ನನ್ನ ರೇಡಿಯೋಗೆ ಬರುವುದಿಲ್ಲ ಅಂತ ವಿವರಿಸಲು ಬಾಯಿ ತೆರೆದೆ. ಹೆಂಡತಿ ಹಿಂದಿನಿಂದ ಚಿವುಟಿದಳು.

“ಕೇಳಿಸಿರತ್ತೆ ಅಜ್ಜಿ.”

ಈಗ ರಿಂಗ್ ಬೇಡವೇ ಬೇಡ ಅನ್ನುತ್ತಿದ್ದಾರೆ. ಮುಂದಿನ ವರ್ಷಕ್ಕೆ ತಬಲಾದವರನ್ನೂ ಹೇಳಿಟ್ಟಿದ್ದಾರಂತೆ.