ಬಿಲ್ ತಗೊಂಡ್ರೇನ್ರಿ?

ನಮ್ಮ ಶಾಸಕರು ಎಲ್ಲೇ ಸಿಕ್ಕರೂ ಕೇಳುವುದು ಒಂದೇ ಮಾತು: ‘ಬಿಲ್ ತಗೊಂಡ್ರೇನ್ರಿ?’ ಮದುವೆ ಮನೆಯಲ್ಲಿ ಮುಯ್ಯಿ ಮಾಡಿದವರನ್ನೂ ಹಾಗೇ ಕೇಳಿದ್ದಾರೆ. ಅವರ ಇಡೀ ರಾಜಕೀಯ ನಿಂತಿರುವುದೇ ಗ್ರಾಹಕರ ಹಕ್ಕಿನ ಮೇಲೆ. (ಯಾರು ಈ ಶಾಸಕರು ಅಂತ ಹುಡುಕಬೇಡಿ. ನಾಲ್ಕಾರು ಜನರನ್ನು ಕಲಸಿ ಮಾಡಿದ ಗಿರ್ಮಿಟ್ ಇದು. ಚುರುಮುರಿ ಯಾರದು, ಉಳ್ಳಾಗಡ್ಡಿ ಯಾರದು ಅಂತ ನನಗೂ ಈಗ ಗುರುತು ಸಿಗುವುದಿಲ್ಲ.)

ಶುರುವಾಗಿದ್ದು ಒಂದು ನೀರಿನ ಬಾಟಲಿಯಿಂದ. ಯಾವುದೋ ಬಸ್ ನಿಲ್ದಾಣದಲ್ಲಿ 20 ರೂಪಾಯಿ ಬಾಟಲಿಗೆ ಅಂಗಡಿ ಹುಡುಗ 22 ಕೇಳಿದ. ಎಂಆರ್‌ಪಿಗಿಂತ ಜಾಸ್ತಿ ಕೇಳುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಎರಡು ರೂಪಾಯಿ ವಾಪಸ್ ಪಡೆಯಲು ಸಾಹೇಬರು ನಾಲ್ಕು ಕಾರು, ಎರಡು ಕ್ಯಾಮೆರಾ, ಒಂದು ಹಾರದ ಸಮೇತ ಹೋದರು. ಹಾರ ಯಾರಿಗೆ ಅಂದರೆ, ವಾಪಸ್ ಪಡೆದ ಮೇಲೆ ಅವರಿಗೇ.

ಆಮೇಲೆ ಪೇಡೆ ಬಂತು. ಧಾರವಾಡ ಪೇಡೆಯನ್ನು ಡಬ್ಬಿ ಸಮೇತ ತೂಗಿದರೆ ಗ್ರಾಹಕ ರಟ್ಟಿಗೂ ಪೇಡೆಯ ದರ ಕೊಟ್ಟಂತೆ. ಕಾನೂನು ಕೇಳುವುದು ನಿವ್ವಳ ತೂಕ. ಸಾಹೇಬರು ಕಾರಿನ ಡಿಕ್ಕಿಯಲ್ಲೇ ತಕ್ಕಡಿ ಇಟ್ಟುಕೊಂಡು ಓಡಾಡಿದರು. ಬೆಳಗಾವಿ ಅಧಿವೇಶನದಲ್ಲಿ ಖಾಲಿ ಡಬ್ಬಿ ಎತ್ತಿ ಹಿಡಿದು ಹತ್ತು ನಿಮಿಷ ಮಾತಾಡಿದರು. ಸುತ್ತಲಿನ ಕುರ್ಚಿಗಳೂ ಡಬ್ಬಿಯಷ್ಟೇ ಖಾಲಿ ಇದ್ದವು. ಪರೀಕ್ಷೆಗೆಂದು ತರಿಸಿದ ಪೇಡೆ ಏನಾಯಿತು ಅಂತ ಯಾವ ಶಾಸಕರೂ ಪ್ರಶ್ನೆ ಎತ್ತಲಿಲ್ಲ.

1986ರ ಡಿಸೆಂಬರ್ 24ರಂದು ಗ್ರಾಹಕ ರಕ್ಷಣಾ ಕಾಯ್ದೆಗೆ ಅಂಕಿತ ಬಿತ್ತು. ಹಾಗಾಗಿ ಆ ದಿನ ರಾಷ್ಟ್ರೀಯ ಗ್ರಾಹಕರ ದಿನ. ನಮ್ಮೂರಲ್ಲಿ ಅದು ಸಾಹೇಬರ ಜಾತ್ರೆ. ಹತ್ತು ಗಂಟೆ ಕಾರ್ಯಕ್ರಮಕ್ಕೆ ಅವರು ಹನ್ನೆರಡೂವರೆಗೆ ಬಂದು ‘ಸೇವಾ ನ್ಯೂನತೆ’ ಬಗ್ಗೆ ಮಾತಾಡುತ್ತಾರೆ. ಕಾಯ್ದೆಯ ಆರು ಹಕ್ಕುಗಳನ್ನು ಬೆರಳು ಮಡಚಿ ಎಣಿಸುತ್ತಾರೆ. ಪ್ರತಿ ವರ್ಷ ಐದಕ್ಕೇ ನಿಲ್ಲುತ್ತದೆ. ಮರೆತು ಹೋಗುವುದು ಯಾವುದು ಅಂತ ನಾನು ಗಮನಿಸಿದ್ದೇನೆ. ನಮ್ಮ ಮಾತನ್ನೂ ಕೇಳಿಸಿಕೊಳ್ಳಬೇಕು ಅನ್ನುವ ಹಕ್ಕು.

ಕೊನೆಗೆ ಮುಷ್ಟಿ ಎತ್ತಿ ಘೋಷಣೆ: ‘ಎದ್ದೇಳು ಗ್ರಾಹಕಾ!’ ಸಾಹೇಬರೇ, ನಾವು ಮಲಗಿದ್ದು ಯಾವಾಗ? ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ. 24 ಗಂಟೆ ನೀರು ಕೊಡುವ ಯೋಜನೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ಪ್ರಯೋಗವಾಗಿ ಶುರುವಾಗಿದ್ದು 2008ರಲ್ಲಿ. ನಮ್ಮ ಓಣಿಗೆ ಅದು ಇನ್ನೂ ನಡೆದುಕೊಂಡೇ ಬರುತ್ತಿದೆ. ನೀರಿಲ್ಲ, ಆದರೆ ನಾವು ಮಾತ್ರ 24 ಗಂಟೆ ಎಚ್ಚರ.

‘24 ಗಂಟೆ ನೀರು, ಇದು ನನ್ನ ಗ್ಯಾರಂಟಿ’ ಅಂತ ಸಾಹೇಬರ ಫ್ಲೆಕ್ಸ್ ಮಾತ್ರ ಮೂರು ಚುನಾವಣೆಯಿಂದ ಇದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ. ಅದರಲ್ಲಿ ಮುಖ ತೋರಿಸಿದ ನಟನಿಗೂ ಬೀಳಬಹುದು. ಫ್ಲೆಕ್ಸ್‌ನಲ್ಲಿ ಕೈಮುಗಿದು ನಿಂತವರಿಗೆ?

ನಾನು ಈ ಪ್ರಶ್ನೆಯನ್ನು ನಮ್ಮ ವಕೀಲ ಗೆಳೆಯನ ಮುಂದಿಟ್ಟೆ. ನನ್ನ ಕೆಟ್ಟ ಮಿಕ್ಸರ್ ಕೇಸು ನಡೆಸಿದವನು ಇವನೇ. 5 ಲಕ್ಷದವರೆಗೆ ಶುಲ್ಕವಿಲ್ಲ, ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು ಅನ್ನುತ್ತದೆ ಕಾಯ್ದೆ. ನನ್ನದು ಮುಗಿಯುವ ಹೊತ್ತಿಗೆ ಹೆಂಡತಿ ಒಳಕಲ್ಲಿಗೆ ಹೊಂದಿಕೊಂಡಿದ್ದಳು. ಇರಲಿ.

ಅವನು ಚಹಾ ಹೀರಿ ಕೇಳಿದ, ‘ಅವರಿಗೆ ವೋಟು ರೊಕ್ಕಕ್ಕ ಕೊಟ್ಟೀಯೋ, ಪುಕ್ಕಟೆ ಕೊಟ್ಟೀಯೋ?’

‘ಪುಕ್ಕಟೆ.’

‘ಹಂಗಾರ ನೀ ಗ್ರಾಹಕ ಅಲ್ಲ. ರೊಕ್ಕ ಕೊಡದ ತಗೊಂಡ ಸೇವೆ ಕಾಯ್ದೆದಾಗ ಬರಂಗಿಲ್ಲ.’

‘ಓಣಿಗೆಲ್ಲ ಲಕೋಟೆ ಬಂದಿತ್ತಲ್ಲ?’

ಅವನ ಕಣ್ಣು ಅರಳಿತು. ‘ಹಂಗಾರ ರೊಕ್ಕ ಕೊಟ್ಟಾವ್ರು ಅವರು. ಗ್ರಾಹಕ ಅವರಾದ್ರು, ನೀವು ಅಂಗಡಿಯವ್ರು. ಲಕೋಟೆ ತಗೊಂಡು ಬ್ಯಾರೆಯವರಿಗೆ ವೋಟು ಹಾಕಿದ್ರ ಸೇವಾ ನ್ಯೂನತೆ ನಿಮ್ಮದು!’

ನಾನು ಗಾಬರಿಯಾದೆ. ಅವನೇ ಸಮಾಧಾನ ಹೇಳಿದ. ವ್ಯಾಪಾರಕ್ಕೆಂದು ಮಾಲು ಕೊಂಡವನನ್ನು ಕಾಯ್ದೆ ಗ್ರಾಹಕ ಅನ್ನುವುದಿಲ್ಲವಂತೆ. ಸ್ವಂತ ಉದ್ಯೋಗ ಮಾಡಿ ಹೊಟ್ಟೆ ಹೊರೆಯಲು ಕೊಂಡಿದ್ದರೆ ಮಾತ್ರ ವಿನಾಯಿತಿ. ಅಂದರೆ ಸಾಹೇಬರು ಹೊಟ್ಟೆಪಾಡಿಗೇ ವೋಟು ಕೊಂಡೆ ಅಂತ ಗ್ರಾಹಕರ ಆಯೋಗದ ಮುಂದೆ ಸಾಬೀತು ಮಾಡಬೇಕು. ಆಗ ಹೊಟ್ಟೆಯನ್ನೂ ತೂಗಬೇಕಾಗುತ್ತದೆ, ಡಬ್ಬಿ ಬಿಟ್ಟು.

ಇನ್ನೊಂದು ತೊಡಕೂ ಇದೆ ಅಂದ. ವಿಧಾನಸಭೆ ಚುನಾವಣೆಗೆ ನಮ್ಮ ರಾಜ್ಯದಲ್ಲಿ ಒಬ್ಬ ಅಭ್ಯರ್ಥಿ 40 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಇದೂ ಎಂಆರ್‌ಪಿಯೇ ಅಲ್ವಾ? 20ರ ಬಾಟಲಿಗೆ 22 ಕೇಳಿದ ಹುಡುಗನ ಮೇಲೆ ಕ್ಯಾಮೆರಾ ಹೋಯಿತು. ಲಕೋಟೆಯ ಲೆಕ್ಕಕ್ಕೆ ಯಾರ ಕ್ಯಾಮೆರಾ?

‘ಒಟ್ಟು ಅವರು ಗ್ರಾಹಕರು ಹೌದೋ ಅಲ್ಲವೋ?’ ಅಂದೆ.

‘ಗ್ರಾಹಕ ಅಲ್ಲ. ಭಾರಿ ಗಿರಾಕಿ ಮಾತ್ರ ಹೌದು.’

ಅಷ್ಟರಲ್ಲಿ ಸಾಹೇಬರ ಹುಡುಗನ ಫೋನ್ ಬಂತು. ಡಿಸೆಂಬರ್ 24ಕ್ಕೆ ಓಣಿಯಿಂದ ಐವತ್ತು ಜನ ಬೇಕಂತೆ. ಗಿರ್ಮಿಟ್, ಮಿರ್ಚಿ, ತಲೆಗೆ 300 ರೂಪಾಯಿ. ನಾನು ಏನು ಹೇಳಲಿ ಅಂತ ಗೆಳೆಯನ ಮುಖ ನೋಡಿದೆ.

‘ಬಿಲ್ ಕೊಡ್ತಾರೇನು ಕೇಳು’ ಅಂದ.